ವಾಸನೆಯ ಕಾಲಂ

ಈ ವರ್ಷ ಮೂರು ತಿಂಗಳು ನಮ್ಮ ಮನೆಯ ಕುಕ್ಕರ್ ಕೂಗಲಿಲ್ಲ. ಕೂಗಲು ಅದಕ್ಕೆ ಬಾಯಿಯೇ ಇರಲಿಲ್ಲ. ಸೀಟಿ ಇರಬೇಕಾದ ಜಾಗದಿಂದ ಒಂದು ತಾಮ್ರದ ಕೊಳವೆ ಎದ್ದು, ಬಾಗಿ, ಐಸು ತುಂಬಿದ ಬಕೆಟ್ಟಿನಲ್ಲಿ ಮೂರು ಸುತ್ತು ಸುತ್ತಿ, ಆ ಕಡೆ ಗಾಜಿನ ಜಾಡಿಯೊಂದರ ಮೇಲೆ ಕುತ್ತಿಗೆ ಚಾಚಿ ನಿಂತಿತ್ತು. ನಾನು ಆಫೀಸಿನಿಂದ ಸುಸ್ತಾಗಿ ಬಂದು ಚಪ್ಪಲಿ ಬಿಡುವಾಗ ಅಡುಗೆಮನೆಯಿಂದ ಬರುತ್ತಿದ್ದ ಸದ್ದು ಒಂದೇ. ತೊಟ್, ತೊಟ್, ತೊಟ್. ಇಪ್ಪತ್ತಾರು ವರ್ಷ ಇದೇ ಸದ್ದಿಗಾಗಿ, ನಲ್ಲಿಯ ವಾಷರ್ ಬದಲಾಯಿಸಿ ಎಂದು ನನ್ನ ಜೀವ ಹಿಂಡಿದ ಹೆಂಡತಿ, ಈಗ ಅದೇ ಸದ್ದಿನ ಮುಂದೆ ಸ್ಟೂಲು ಹಾಕಿಕೊಂಡು ಸಂಗೀತ ಕೇಳುವವಳಂತೆ ಕೂತಿರುತ್ತಿದ್ದಳು. ಊಟ ಯಾವಾಗ ಎಂದು ಕೇಳಿದರೆ, "ಶ್, ಹೂವು ಬರ್ತಾ ಇದೆ" ಎನ್ನುತ್ತಿದ್ದಳು.

ತಪ್ಪು ನನ್ನ ಬಾಯಿಯದು. (ಮೂಗಿನದೂ ಇದೆ. ಅದು ಆಮೇಲೆ ಬರುತ್ತದೆ.)

ನಾನು ಊರಿನ ನೀರು ಸರಬರಾಜು ಕಚೇರಿಯಲ್ಲಿ ನೀರು ಪರೀಕ್ಷಕ. ಬೆಳಗಾದರೆ ಟ್ಯಾಂಕಿನ ನೀರು, ನಲ್ಲಿಯ ನೀರು, ಬೋರಿನ ನೀರು ಸೀಸೆಗಳಲ್ಲಿ ಸಾಲಾಗಿ ನನ್ನ ಮೇಜಿಗೆ ಬರುತ್ತವೆ. ಒಂದೊಂದಕ್ಕೂ ಒಂದು ಫಾರಂ. ಬಣ್ಣ, ವಾಸನೆ, ರುಚಿ, ತೇಲುವ ಕಣ, ಎಣ್ಣೆ ಪಸೆ. ಎಲ್ಲದರ ಮುಂದೆಯೂ "ಇಲ್ಲ" ಎಂದು ಬರೆಯುವ ಹಾಗಿದ್ದರೆ ನೀರು ಪಾಸು. ಏನೂ ಇಲ್ಲದಿರುವುದನ್ನೇ ಯೋಗ್ಯತೆ ಎಂದು ಬರೆದು ಸೀಲು ಹಾಕುವ ಕಚೇರಿ ಭೂಮಂಡಲದಲ್ಲಿ ನಮ್ಮದೊಂದೇ ಇರಬೇಕು. ನನ್ನ ಹೆಂಡತಿ ಒಮ್ಮೆ ಆ ಫಾರಮನ್ನು ಓದಿದ್ದಳು. "ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಇದನ್ನ ನಿಮ್ಮನ್ನ ಎದುರಿಗೆ ಕೂರಿಸ್ಕೊಂಡು ಬರೆದಿದ್ದಾರಾ?" ಎಂದು ಕೇಳಿ, ಕಾಗದವನ್ನು ಮಡಚಿ ಕಿಟಕಿಯ ಸಂದಿಗೆ ಸಿಕ್ಕಿಸಿದಳು. ಆ ಕಿಟಕಿ ಇಂದಿಗೂ ಅಲುಗಾಡುವುದಿಲ್ಲ. ಇಲಾಖೆಯಿಂದ ನಮ್ಮ ಮನೆಗೆ ಆದ ಉಪಕಾರ ಅದೊಂದೇ.

ಇಂಥವಳು ಒಂದು ದಿನ ಅಂಗಡಿಯಿಂದ ತಂದ ಗುಲಾಬಿ ನೀರಿನ ಬಾಟಲಿಯನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಮುಂದುಗಡೆ ದಪ್ಪ ಅಕ್ಷರದಲ್ಲಿ "ಶುದ್ಧ ಗುಲಾಬಿ ನೀರು" ಎಂದಿತ್ತು. ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಒಳಗೆ ನಿಜವಾಗಿ ಏನಿದೆ ಎಂಬ ಪಟ್ಟಿ ಇತ್ತು.

"ರೀ, ನೀರು ಅಂತಿದೆ, ಸುಗಂಧ ಅಂತಿದೆ, ಕೆಡದೇ ಇರೋಕೆ ಹಾಕಿರೋದು ಅಂತ ಏನೋ ಇದೆ. ಗುಲಾಬಿ ಎಲ್ಲಿ?"

"ಚಿತ್ರದಲ್ಲಿದೆಯಲ್ಲ."

"ತಮಾಷೆ ಬೇಡ. ನೀವು ನೀರಿನವರು. ಹೇಳಿ."

ಮನೆಯಲ್ಲಿ ನನ್ನ ಕಸುಬಿನ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನು ಕನ್ನಡಕ ತೆಗೆದಿಟ್ಟು ಕುರ್ಚಿಯಲ್ಲಿ ನೆಟ್ಟಗಾದೆ. ನಿಜವಾದ ಹೂವಿನ ನೀರನ್ನು ಬೆರೆಸುವುದಿಲ್ಲ, ಭಟ್ಟಿ ಇಳಿಸುತ್ತಾರೆ ಎಂದೆ. ಹಬೆ ಎಸಳುಗಳ ಮಧ್ಯೆ ಹಾದುಬಂದು, ತಣ್ಣಗಾಗಿ, ತಿರುಗಿ ನೀರಾಗುತ್ತದೆ ಎಂದೆ. ಬಾಟಲಿಯನ್ನು ಕುಲುಕಿ ತೋರಿಸಿದೆ. ನೊರೆ ಎದ್ದು ಹಾಗೇ ನಿಂತಿತು. "ನೋಡಿದೆಯಾ, ಸೋಪಿನಂಥದ್ದು ಏನೋ ಹಾಕಿ ಸೆಂಟನ್ನ ನೀರಿಗೆ ಕಟ್ಟಿಹಾಕಿದ್ದಾರೆ. ಲೇಬಲ್ ಓದಿ ಮೋಸ ಹೋಗಬಾರದು ಕಣೇ. ಭಟ್ಟಿ ಇಳಿಸಿದ ನೀರಂದ್ರೆ ಕನ್ನಡಿ ಇದ್ದ ಹಾಗಿರಬೇಕು. ಅದರಲ್ಲಿ ಏನೂ ಇರಬಾರದು."

"ಏನೂ ಇರಬಾರದು ಅಂದ್ರೆ, ಗುಲಾಬಿ?"

"ಅದು... ಇರುತ್ತೆ. ಸ್ವಲ್ಪ."

ಈ "ಸ್ವಲ್ಪ" ಎಂಬ ಮಾತನ್ನು ಅವಳು ಹಿಡಿದುಕೊಂಡಳು. ನಾನು ಹಿಡಿದುಕೊಳ್ಳಲಿಲ್ಲ. ಮುಂದಿನ ಅನಾಹುತವೆಲ್ಲ ಇಷ್ಟರಲ್ಲೇ ಇತ್ತು.

ಮರುದಿನ ಕುಕ್ಕರಿನ ಸೀಟಿ ಹೋಯಿತು. ಬೀದಿಯ ಕೊನೆಯಲ್ಲಿ ಗಿಡ ಮಾರುವ ನರ್ಸರಿಯಿದೆ. ಪೂರ್ತಿ ಅರಳಿ ಮಾರಾಟಕ್ಕೆ ಬಾರದ ಗುಲಾಬಿಗಳನ್ನು ನರ್ಸರಿಯವನು ಬುಟ್ಟಿಯಲ್ಲಿ ತೆಗೆದಿಡತೊಡಗಿದ. ಬಿಸಿಲೇರುವ ಮೊದಲೇ ತರಬೇಕು, ಔಷಧಿ ಹೊಡೆದ ಗಿಡದ್ದಾಗಬಾರದು, ಎಸಳು ತೊಳೆಯಬಾರದು, ಹಿಸುಕಬಾರದು. ಎಸಳು ಬಿಡಿಸಲು ನನ್ನನ್ನೂ ಕೂರಿಸಿದಳು. ನಾನು ಬಿಡಿಸಿದ್ದನ್ನು ಮತ್ತೆ ಹುಡುಕಿ ತೊಟ್ಟಿನ ಚೂರುಗಳನ್ನು ತೆಗೆದಳು. ಹಿಂದಿನ ಮನೆಯವರು ಎರಡು ದಿನ ಅನುಮಾನದಿಂದ ನಮ್ಮ ಚಿಮಣಿಯನ್ನು ನೋಡಿ, ಮೂರನೆಯ ದಿನ ಕಾಂಪೌಂಡಿನ ಹತ್ತಿರ ನನ್ನನ್ನು ಕರೆದು, "ಭಟ್ಟಿ ಇಳಿಸ್ತಿದ್ದೀರಂತೆ, ನಿಮಗೂ ಅಭ್ಯಾಸ ಇದೆ ಅಂತ ಗೊತ್ತಿರಲಿಲ್ಲ" ಎಂದು ಬಹಳ ಗೌರವದಿಂದ ಹೇಳಿದರು. ಗುಲಾಬಿ ಎಂದು ತಿಳಿದ ಮೇಲೆ ಆ ಗೌರವ ಹೊರಟುಹೋಯಿತು.

ಒಂದು ಸಲಕ್ಕೆ ಇಳಿಯುತ್ತಿದ್ದುದು ಅರ್ಧ ಲೀಟರು. ಇನ್ನೂ ಬರುತ್ತಿತ್ತು, ಅವಳೇ ಒಲೆ ಆರಿಸುತ್ತಿದ್ದಳು. ತೊಟ್ಟೊಂದನ್ನು ಕೈಯ ಹಿಂಭಾಗಕ್ಕೆ ಬಿಟ್ಟು ಮೂಸಿ, "ಸಾಕು" ಎನ್ನುವಳು. "ಇನ್ನೂ ನೀರಿದೆಯಲ್ಲೇ" ಎಂದರೆ, "ಹೂವು ಬಂದಾಯ್ತು. ಇನ್ನು ಬರೋದು ಬರೀ ಬಿಸಿನೀರು" ಎನ್ನುವಳು. ನಾನು ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಕಲಿಯದ್ದನ್ನು ಅವಳು ಮೂರು ವಾರದಲ್ಲಿ ಕಲಿತಿದ್ದಳು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಒಪ್ಪಿಕೊಳ್ಳಲಿಲ್ಲ.

ಮೊದಲನೆಯ ಅರ್ಧ ಲೀಟರು ಇಳಿದ ದಿನ ನನ್ನ ಅಮ್ಮನನ್ನು ಅವಳ ಕೋಣೆಯಿಂದ ಕರೆತಂದು ಕೂರಿಸಲಾಯಿತು. ಅಮ್ಮನಿಗೆ ಎಪ್ಪತ್ತೊಂಬತ್ತು. ಕಣ್ಣು ಮಂಜು, ಕಿವಿ ಮಂದ, ಮೂಗು ಮಾತ್ರ ಪೊಲೀಸು. ಅಮ್ಮ ಬಟ್ಟಲನ್ನು ಮೂಗಿನ ಹತ್ತಿರ ತಂದು, ಹಿಂದೆ ತೆಗೆದು, ಸೊಸೆಯ ಮುಖ ನೋಡಿ, ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿದಳು.

"ಬೇಯಿಸಿದ ಕೋಸಿನ ವಾಸನೆ ಬರ್ತಿದೆಯಮ್ಮ."

ನನ್ನ ಹೆಂಡತಿಯ ಮುಖ ಇಳಿಯಿತು. ಅವಳು ಬಟ್ಟಲನ್ನು ನನ್ನ ಕಡೆ ಚಾಚಿದಳು. "ನೀವು ಹೇಳಿ."

ನಾನು ಮೂಸಿದೆ. ಕಣ್ಣು ಮುಚ್ಚಿದೆ. "ಚೆನ್ನಾಗಿದೆ. ಗುಲಾಬಿ" ಎಂದೆ.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಲೇಬೇಕು. ಯಾರಿಗೂ ಹೇಳದೆ ಆರು ವರ್ಷ ಇಟ್ಟುಕೊಂಡಿದ್ದೆ. ನನಗೆ ವಾಸನೆ ಗೊತ್ತಾಗುವುದಿಲ್ಲ. ಒಂದಿಷ್ಟೂ ಇಲ್ಲ. ನೀರಿಗೆ ಹಾಕುವ ಕ್ಲೋರಿನ್ನಿನ ಜೊತೆ ಅಷ್ಟು ವರ್ಷ ಸಂಸಾರ ಮಾಡಿದ್ದರಿಂದ ಹೋಯಿತೋ, ನೆಗಡಿಯೊಂದರ ಜೊತೆ ಹೋಯಿತೋ ತಿಳಿಯದು. ಒಂದು ಸಂಜೆ ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ, ಹಾಲು ಸೀದು ಪಾತ್ರೆ ಕಪ್ಪಗಾಗುವವರೆಗೂ ನನಗೆ ಗೊತ್ತಾಗಲಿಲ್ಲ. ಹೆಂಡತಿ ಓಡಿಬಂದು, "ಪೇಪರಿನಲ್ಲಿ ಅಂಥದ್ದೇನಿತ್ತು?" ಎಂದಳು. ಏನೂ ಇರಲಿಲ್ಲ. ಹವಾಮಾನ ವರದಿ ಓದುತ್ತಿದ್ದೆ.

ಆಫೀಸಿನಲ್ಲಿ ಹೇಳುವ ಹಾಗಿಲ್ಲ. ವಾಸನೆಯ ಕಾಲಂಗೆ ನಮ್ಮಲ್ಲಿ ಯಂತ್ರವಿಲ್ಲ, ಪರೀಕ್ಷಕನ ಮೂಗೇ ಯಂತ್ರ. ಅದು ಕೆಟ್ಟಿದೆ ಎಂದರೆ ನಿವೃತ್ತಿಗೆ ಹದಿನಾಲ್ಕು ತಿಂಗಳಿರುವಾಗ ನನ್ನನ್ನು ಪಂಪ್‌ಹೌಸಿಗೆ ಹಾಕುತ್ತಾರೆ. ಅದಕ್ಕೇ ಆರು ವರ್ಷದಿಂದ "ವಾಸನೆ: ಇಲ್ಲ" ಎಂದು ಬರೆಯುತ್ತ ಬಂದಿದ್ದೇನೆ. (ಸುಳ್ಳೇನೂ ಅಲ್ಲ. ನನ್ನ ಮಟ್ಟಿಗೆ ಇರಲಿಲ್ಲ.) ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದರೆ ಉತ್ತರ ಸ್ವಲ್ಪ ಕಷ್ಟ. ಮೊದಲೆಲ್ಲ ಕರೆಂಟು ಹೋದಾಗಲೂ ಅವಳು ಯಾವ ಕೋಣೆಯಲ್ಲಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು. ತಲೆಗೂದಲಿನದೋ, ಒಗೆದ ಬಟ್ಟೆಯದೋ, ಅವಳದೇ ಒಂದು ವಾಸನೆ ಅವಳಿಗಿಂತ ಒಂದು ಹೆಜ್ಜೆ ಮುಂದೆ ಒಳಗೆ ಬರುತ್ತಿತ್ತು. ಈಗ ಅವಳೊಬ್ಬಳೇ ಬರುತ್ತಾಳೆ. ಇದನ್ನು ಯಾವ ಮಾತಿನಲ್ಲಿ ಹೇಳುವುದು? ಹೇಳದೆ ಬಿಟ್ಟೆ. "ಚೆನ್ನಾಗಿದೆ" ಎನ್ನುವುದು ಸುಲಭವಾಗಿತ್ತು.

ಅಂದು ಅವಳು ನಾನು ಹೇಳಿದ್ದನ್ನೇ ನಂಬಿದಳು. "ನೋಡಿ ಅತ್ತೆ, ದಿನಾ ನೀರು ಮೂಸೋರೇ ಹೇಳ್ತಿದ್ದಾರೆ" ಎಂದು ಮುಚ್ಚಳ ಹಾಕಿ, ಆ ನೀರನ್ನು ಸ್ಟೀಲಿನ ಕ್ಯಾನಿಗೆ ಸುರಿದು ಬೀರುವಿನ ಕತ್ತಲಲ್ಲಿಟ್ಟಳು. ಅಮ್ಮ ನನ್ನನ್ನೇ ಒಂದು ಗಳಿಗೆ ನೋಡಿದಳು.

ಕತ್ತಲಲ್ಲಿ ಕೂತ ನೀರು ತನ್ನಷ್ಟಕ್ಕೆ ತಾನು ಬದಲಾಯಿತಂತೆ. ಇಳಿದ ಹೊಸದರಲ್ಲಿ ಬೆಂದ ಎಲೆಯಂತೆ ನಾರುವುದು ವಾರಗಳು ಕಳೆದಂತೆ ಮಾಗುತ್ತದಂತೆ. (ಈ ವಾಕ್ಯಗಳಲ್ಲಿ "ಅಂತೆ" ಯಾಕೆ ಬಂತೆಂದು ಈಗ ನಿಮಗೆ ಗೊತ್ತು.) ಒಂದೂವರೆ ತಿಂಗಳಾದ ಮೇಲೆ ಅಮ್ಮ ಕ್ಯಾನಿನ ಮುಚ್ಚಳ ತೆಗೆಸಿ, ಮೂಸಿ, ಮುಚ್ಚಳವನ್ನು ವಾಪಸು ಕೊಡದೆ ಹಾಗೇ ಕೂತಳು.

"ಕೋಸು ಹೋಯ್ತು ಕಣಮ್ಮ. ಇದು ಹೂವೇ."

ಈ ಸುದ್ದಿ ಅದು ಹೇಗೋ ಮಾರ್ಕೆಟ್ಟಿನ ಹತ್ತಿರ ಮುಖಕ್ಕೆ, ಕೈಗೆ ಹಚ್ಚುವ ಕ್ರೀಮು ಮಾಡಿ ಮಾರುವ ಅಂಗಡಿಯಾಕೆಗೆ ತಲುಪಿತು. ಅವರು ತಾವೇ ಮನೆಗೆ ಬಂದರು. ಎತ್ತರದ ಹೆಂಗಸು, ತೂಕ ಹಾಕುವ ನೋಟ. ಒಂದು ತೊಟ್ಟನ್ನು ಮಣಿಕಟ್ಟಿಗೆ ಹಚ್ಚಿಕೊಂಡು, ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಮತ್ತೆ ಮೂಸಿದರು.

"ಎಷ್ಟಿದೆ?"

"ಐದು ಲೀಟರು."

"ಅಷ್ಟೂ ನನಗೆ. ಶನಿವಾರ ಬರ್ತೀನಿ. ತರೋರೆಲ್ಲ ನನಗೆ ಸೆಂಟು ಕಲಸಿ ತರ್ತಾರೆ ಅಕ್ಕ, ಸಾಕಾಗಿದೆ. ನಿಮ್ಮ ಯಜಮಾನರು ನೀರಿನ ಆಫೀಸಿನವರಂತಲ್ಲ, ಒಂದು ರಿಪೋರ್ಟು ಬರೆದುಕೊಡಲಿ. ಕೇಳಿದ ಗಿರಾಕಿಗೆ ತೋರಿಸೋಕಿರಲಿ."

ಅವರು ಹೋದ ಮೇಲೆ ನನ್ನ ಹೆಂಡತಿ ಬಾಗಿಲ ಹತ್ತಿರವೇ ಸ್ವಲ್ಪ ಹೊತ್ತು ನಿಂತಿದ್ದಳು. ಇಷ್ಟು ವರ್ಷ ಅವಳು ಮಾಡಿದ್ದನ್ನೆಲ್ಲ ನಾವು ತಿಂದೆವು, ಉಟ್ಟೆವು, ಉಪ್ಪು ಕಡಿಮೆಯಾಯಿತು ಎಂದೆವು. ಹೊರಗಿನವರೊಬ್ಬರು ಬಂದು "ಅಷ್ಟೂ ನನಗೆ" ಎಂದದ್ದು ಅದೇ ಮೊದಲು. ನರ್ಸರಿಯಲ್ಲಿ ಗಿಡಗಳನ್ನು ಕತ್ತರಿಸಿಯಾಗಿತ್ತು. ಮತ್ತೆ ಹೂವು ಬರುವುದು ಮುಂದಿನ ವರ್ಷಕ್ಕೇ. ಇದ್ದದ್ದು ಆ ಐದು ಲೀಟರು ಮಾತ್ರ.

ಶುಕ್ರವಾರ ನನಗೆ ರಜೆ. ಅವಳು ಲೇಬಲ್ ಬರೆದುಕೊಂಡು ಪ್ರೆಸ್ಸಿಗೆ ಹೊರಟಳು. "ನಾನು ಬರೋದ್ರೊಳಗೆ ರಿಪೋರ್ಟ್ ಬರೆದಿಡಿ. ಇರೋದನ್ನ ಇದ್ದ ಹಾಗೆ ಬರೀರಿ, ನನ್ನ ಮುಖ ನೋಡಿ ಬರೀಬೇಡಿ" ಎಂದಳು.

ನಾನು ಕ್ಯಾನನ್ನು ಕಿಟಕಿಯ ಬೆಳಕಿಗೆ ತಂದೆ. ಒಂದು ಲೋಟ ಬಗ್ಗಿಸಿ ನೋಡಿದೆ. ನೀರು ತುಸು ಮಬ್ಬು. ಮೇಲೆ ನೋಡಿದರೆ, ಅಲ್ಲಲ್ಲಿ ಎಣ್ಣೆಯ ಪಸೆ, ಬೆಳಕಿಗೆ ಬಣ್ಣ ಬಣ್ಣವಾಗಿ ತೇಲುತ್ತಿದೆ. ಹುಳಿ ಅಳೆಯುವ ಪರೀಕ್ಷೆಯ ಕಾಗದ ಅದ್ದಿದೆ. ಏಳು ಬರಬೇಕಾದಲ್ಲಿ ನಾಲ್ಕೂವರೆ. ನಾಲ್ಕೂವರೆಯ ನೀರು, ಮೇಲೆ ಎಣ್ಣೆ ಪಸೆ, ಎಂದು ಆಫೀಸಿನಲ್ಲಿ ಬರೆದರೆ ಅರ್ಧ ಗಂಟೆಯಲ್ಲಿ ಇಡೀ ಊರಿನ ನಲ್ಲಿ ಬಂದಾಗುತ್ತದೆ, ದೊಡ್ಡ ಸಾಹೇಬರು ಜೀಪು ಹತ್ತುತ್ತಾರೆ.

ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅವಳ ನೀರು ಫೇಲು. ಸುಳ್ಳು ಬರೆದರೆ ನಾಳೆ ಆ ತೂಕದ ನೋಟದ ಹೆಂಗಸು ಬೆಳಕಿಗೆ ಹಿಡಿದು ನೋಡಿ ಅವಳ ಮುಖಕ್ಕೇ ಹೇಳುತ್ತಾರೆ. ಮೂರು ತಿಂಗಳು ಆ ಸ್ಟೂಲಿನ ಮೇಲೆ ಕೂತವಳ ಬೆನ್ನು ಕಣ್ಣಮುಂದೆ ಬಂತು. ನನ್ನ ಕೈಲಾದದ್ದನ್ನು ಸದ್ದಿಲ್ಲದೆ ಮಾಡಿಬಿಡೋಣ ಎನಿಸಿತು. ಮದುವೆಯಾದ ಗಂಡಸಿನ ಜೀವನದಲ್ಲಿ ಇಷ್ಟು ಅಪಾಯದ ಆಲೋಚನೆ ಇನ್ನೊಂದಿಲ್ಲ.

ನಮ್ಮ ಅಡುಗೆಮನೆಯ ಮೂಲೆಯಲ್ಲಿ ನಾನೇ ಕೈಯಾರೆ ಕಟ್ಟಿದ ಫಿಲ್ಟರ್ ಇದೆ. ಒಂದರ ಮೇಲೊಂದು ಎರಡು ಸ್ಟೀಲಿನ ಡ್ರಮ್ಮು, ಮಧ್ಯೆ ಜಲ್ಲಿ, ಮರಳು, ಒಂದು ಗೇಣು ಇದ್ದಿಲು. ಆ ವಾರವಷ್ಟೇ ಇದ್ದಿಲು ಹೊಸದು ತುಂಬಿದ್ದೆ. "ಇದರ ನೀರು ಕುಡಿದ್ರೆ ಕುಡಿದ ಹಾಗೇ ಆಗಲ್ಲ" ಎಂದು ಅವಳು ಇಪ್ಪತ್ತು ವರ್ಷದಿಂದ ದೂರುವುದನ್ನು ನಾನು ಪ್ರಶಸ್ತಿಪತ್ರವೆಂದೇ ತಿಳಿದಿದ್ದೆ. ಕ್ಯಾನನ್ನು ಎತ್ತಿ, ಒಂದು ತೊಟ್ಟೂ ಚೆಲ್ಲದಂತೆ, ಐದೂ ಲೀಟರನ್ನು ಮೇಲಿನ ಡ್ರಮ್ಮಿಗೆ ಸುರಿದೆ.

ನೀವು ಕೇಳಬಹುದು: ಅಲ್ಲಯ್ಯ, ಇದ್ದಿಲು ವಾಸನೆ ಹೀರುತ್ತದೆಂದು ನೀರು ಪರೀಕ್ಷಕನಾದ ನಿನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ನೂರು ಜನಕ್ಕೆ ನಾನೇ ಹೇಳಿದ್ದೇನೆ. ಆದರೆ ನಮ್ಮ ಇಲಾಖೆಯಲ್ಲಿ ವಾಸನೆ ಎಂದರೆ ಕೆಟ್ಟ ವಾಸನೆ. ಒಳ್ಳೆಯ ವಾಸನೆಗೆ ನಮ್ಮಲ್ಲಿ ಕಾಲಂ ಇಲ್ಲ. ಆರು ವರ್ಷದಿಂದ ವಾಸನೆಯೇ ಇಲ್ಲದ ಮನೆಯಲ್ಲಿ, ವಾಸನೆಯೇ ಇಲ್ಲದ ಬೀದಿಯಲ್ಲಿ ಓಡಾಡಿದ ಮನುಷ್ಯನಿಗೆ ಅದೊಂದು ಲೋಕದಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಮಬ್ಬು, ಪಸೆ, ಹುಳಿ ನನ್ನ ಕಣ್ಣಿಗೆ ಕಂಡವು. ಕಂಡದ್ದನ್ನು ತೆಗೆದೆ.

ಅಮ್ಮ ಕೋಣೆಯಿಂದ ಕೂಗಿದಳು. "ಏನೋ ಮಾಡ್ತಿದ್ದೀಯ ಅಲ್ಲಿ?"

"ನೀರು ಸೋಸ್ತಿದ್ದೀನಮ್ಮ."

"ಮಾಡು ಮಾಡು. ಮನೆಗೆ ಏನಾದರೂ ಉಪಯೋಗಕ್ಕೆ ಬಾ."

ಎರಡು ಗಂಟೆಯಾಯಿತು. ಕೆಳಗಿನ ನಲ್ಲಿ ತಿರುಗಿಸಿದಾಗ ಬಂದ ನೀರನ್ನು ಏನೆಂದು ವರ್ಣಿಸಲಿ. ಲೋಟದಲ್ಲಿ ನೀರಿದೆಯೋ ಇಲ್ಲವೋ ಎಂದು ಬೆರಳು ಅದ್ದಿ ನೋಡಬೇಕಾಯಿತು. ಪಸೆ ಇಲ್ಲ, ಮಬ್ಬಿಲ್ಲ. ಕಾಗದ ಅದ್ದಿದರೆ ಏಳು. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಒಳ್ಳೆಯ ಏಳನ್ನು ನಾನು ನೋಡಿರಲಿಲ್ಲ. ಕ್ಯಾನಿಗೆ ತುಂಬಿ, ಮುಚ್ಚಳಕ್ಕೆ ಕಾಗದದ ಪಟ್ಟಿ ಅಂಟಿಸಿ, ಆಫೀಸಿನ ಅಭ್ಯಾಸದಂತೆ ಅದರ ಮೇಲೆ ಸಹಿ ಹಾಕಿ ಸೀಲು ಮಾಡಿದೆ. ಆಮೇಲೆ ರಿಪೋರ್ಟಿಗೆ ಕೂತೆ. ಬಣ್ಣ: ಇಲ್ಲ. ತೇಲುವ ಕಣ: ಇಲ್ಲ. ಎಣ್ಣೆ ಪಸೆ: ಇಲ್ಲ. ವಾಸನೆ: ಎಂದು ಬರೆದದ್ದೇ, ಕೈ ತನ್ನ ಪಾಡಿಗೆ ತಾನು "ಇಲ್ಲ" ಎಂದು ಬರೆದುಬಿಟ್ಟಿತು. ನಾಲಿಗೆ ಕಚ್ಚಿಕೊಂಡು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ "ಗುಲಾಬಿ. ಉತ್ತಮ" ಎಂದು ಬರೆದೆ.

ಅವಳು ಬಂದು ರಿಪೋರ್ಟನ್ನು ನಿಂತೇ ಓದಿದಳು. ಕೊನೆಯ ಸಾಲನ್ನು ಇನ್ನೊಮ್ಮೆ ಓದಿದಳು.

"ಗುಲಾಬಿ, ಉತ್ತಮ" ಎಂದಳು ಮೆಲ್ಲಗೆ. "ಇದನ್ನ ಬಾಯಲ್ಲಿ ಹೇಳಿದ್ರೆ ಏನಾಗ್ತಿತ್ತು ನಿಮಗೆ?"

ಸೀಲು ಮಾಡಿದ್ದೇನೆ, ತೆರೆಯಬೇಡ ಎಂದೆ. ಅವಳು ತೆರೆಯಲಿಲ್ಲ. ಹೊಸ ಲೇಬಲ್ಲೊಂದನ್ನು ಕ್ಯಾನಿಗೆ ಅಂಟಿಸಿ, ಗುಳ್ಳೆ ಬಾರದಂತೆ ಅಂಗೈಯಿಂದ ಸವರಿದಳು. "ಗುಲಾಬಿ ನೀರು. ಮನೆಯಲ್ಲೇ ಇಳಿಸಿದ್ದು. ಬೇರೇನೂ ಬೆರೆಸಿಲ್ಲ." ಬೆರೆಸಿಲ್ಲ ಎನ್ನುವುದು ಅಕ್ಷರಶಃ ನಿಜವಾಗಿತ್ತು.

ಶನಿವಾರ ಬೆಳಗ್ಗೆ ಅಂಗಡಿಯಾಕೆ ಬಂದರು. ಅಮ್ಮನನ್ನೂ ಹಾಲಿಗೆ ಕರೆತಂದು ಕೂರಿಸಿದ್ದೆವು. ನಾನೇ ಮುಂದೆ ನಿಂತು ಸೀಲು ಒಡೆದು, ಲೋಟಕ್ಕೆ ಬಗ್ಗಿಸಿ, "ನೋಡಿ ಹೇಗಿದೆ, ಕನ್ನಡಿ" ಎಂದೆ.

ಅವರು ಬೆಳಕಿಗೆ ಹಿಡಿದು ನೋಡಿದರು. ಸಣ್ಣ ಸೀಸೆಗೆ ಹಾಕಿ ಕುಲುಕಿದರು. "ನೊರೆ ನಿಲ್ತಿಲ್ಲ. ಒಳ್ಳೇದು." ಚೀಲದಿಂದ ಕಾಗದ ತೆಗೆದು ಅದ್ದಿದರು. "ಏಳಾ?" ಹುಬ್ಬು ಗಂಟಾಯಿತು. "ಹೂವಿನ ನೀರು ಹುಳಿ ಕಡೆಗಿರಬೇಕಲ್ಲ ಅಕ್ಕ. ಮೊನ್ನೆ ಮೇಲೆ ಒಂಚೂರು ಎಣ್ಣೆ ಆಡ್ತಿತ್ತು, ಹೂವಿನ ಎಣ್ಣೆ, ಅದು ಕಂಡೇ ನಾನು ಒಪ್ಪಿದ್ದು." ಮಣಿಕಟ್ಟಿಗೆ ಒಂದು ತೊಟ್ಟು. ಮೂಸಿದರು. ಇನ್ನೊಂದು ಕೈಗೆ ಹಾಕಿಕೊಂಡು ಮೂಸಿದರು. ಕೊನೆಗೆ, ಬೇರೆಯವರ ಮನೆಯಲ್ಲಿ ಕೆಟ್ಟ ಸುದ್ದಿ ಹೇಳುವವರ ಹಾಗೆ ದನಿ ತಗ್ಗಿಸಿ ಹೇಳಿದರು.

"ಅಕ್ಕ, ಇದು ನೀರು."

ನನ್ನ ಹೆಂಡತಿ ಲೋಟ ಕಿತ್ತುಕೊಂಡು ಮೂಸಿದಳು. ಅತ್ತೆಯ ಕೈಗೆ ಕೊಟ್ಟಳು. ಅಮ್ಮ ಒಂದೇ ಸಲ ಮೂಸಿದಳು.

"ಇದು ನಮ್ಮ ಫಿಲ್ಟರಿನ ನೀರಲ್ವೇನೇ? ಹೊಸ ಇದ್ದಿಲಿನ ವಾಸನೆ ಇದೆ. ನಿನ್ನೆ ಇವನು ಸೋಸ್ತಾ ಕೂತಿದ್ದ."

ಮೂವರು ಹೆಂಗಸರು ಒಟ್ಟಿಗೆ ನನ್ನ ಕಡೆ ತಿರುಗಿದರು.

"ಮಬ್ಬಾಗಿತ್ತು" ಎಂದೆ. "ಎಣ್ಣೆ ಪಸೆ ಇತ್ತು. ಹುಳಿ ಇತ್ತು. ನಿನ್ನ ಮಾನ ಹೋಗಬಾರದು ಅಂತ..."

"ಅದೇ ಗುಲಾಬಿ ರೀ" ಎಂದಳು. ಜೋರಾಗಿಯೂ ಹೇಳಲಿಲ್ಲ. "ಆ ಪಸೆ, ಆ ಹುಳಿ, ಅಷ್ಟೇ ಗುಲಾಬಿ. ಮಿಕ್ಕಿದ್ದೆಲ್ಲ ಮೊದಲಿಂದಲೂ ನೀರೇ."

ಆಮೇಲೆ ಅವಳ ಕಣ್ಣು ರಿಪೋರ್ಟಿನ ಮೇಲೆ ಬಿತ್ತು. "ಸೋಸಿದ ಮೇಲೆ ಬರೆದ್ರಾ ಇದನ್ನ, ಮುಂಚೆ ಬರೆದ್ರಾ?"

"ಸೋಸಿದ ಮೇಲೆ."

"ಮೂಸಿ ಬರೆದ್ರಾ?"

"ಹೂಂ."

"ಈಗ ಮೂಸಿ."

ಮೂಸಿದೆ. ಹಿಂದೆ ಸರಿಯಲು ದಾರಿಯಿರಲಿಲ್ಲ. "ನನಗೇನೋ ಇದೆ ಅನ್ಸುತ್ತೆ. ತೆಳುವಾಗಿ" ಎಂದೆ.

ಅವಳು ಅಡುಗೆಮನೆಗೆ ಹೋಗಿ ಒಂದು ಬಟ್ಟಲು ತಂದಳು. ಅದರಲ್ಲೂ ತಿಳಿಯಾದ ನೀರು. "ಇದು?"

ಉಳಿದ ಸ್ವಲ್ಪವನ್ನು ಎಲ್ಲೋ ತೆಗೆದಿಟ್ಟಿದ್ದಾಳೆ ಎಂದುಕೊಂಡು ನನಗೆ ಹೋದ ಜೀವ ಬಂತು. ಕಣ್ಣು ಮುಚ್ಚಿ, ದೀರ್ಘವಾಗಿ ಎಳೆದುಕೊಂಡು, ಹೇಳಬೇಕಾದ ರೀತಿಯಲ್ಲಿ ಹೇಳಿದೆ. "ಆಹಾ. ಇದು ಮೊದಲನೇ ಇಳುವರಿ. ಗುಲಾಬಿ ಮೂಗಿಗೆ ಬಡೀತಿದೆ."

ಅಂಗಡಿಯಾಕೆ ಮೂಗಿಗೆ ಕರವಸ್ತ್ರ ಹಿಡಿದಿದ್ದರು.

"ನಿನ್ನೆ ಕೋಸು ಬೇಯಿಸಿ ಬಸಿದ ನೀರು ಅದು" ಎಂದಳು ನನ್ನ ಹೆಂಡತಿ. ಸೋಫಾದ ಅಂಚಿನಲ್ಲಿ ಕೂತಳು. "ಎಷ್ಟು ದಿನದಿಂದ?"

"ಆರು ವರ್ಷ."

"ಆರು ವರ್ಷ." ಅವಳು ಬೆರಳು ಎಣಿಸಿದಳೋ, ಸುಮ್ಮನೆ ಮಡಚಿದಳೋ. "ಆರು ವರ್ಷದಲ್ಲಿ ಎಷ್ಟು ಥರ ಸೋಪು ತಂದೆ ಗೊತ್ತಾ ನಾನು? ಒಂದು ಮುಗಿಯೋ ಮುಂಚೆ ಇನ್ನೊಂದು. ಇವರು ಒಂದು ಸಲನಾದ್ರೂ ತಲೆ ಎತ್ತಿ ನೋಡ್ತಾರೇನೋ ಅಂತ. ಕೊನೆಗೆ ಸೋಪಿನ ಕೈಲಾಗದ್ದು ಗುಲಾಬಿ ಕೈಲಾದ್ರೂ ಆಗಲಿ ಅಂತ ಆ ಬಾಟ್ಲಿ ತಂದದ್ದು."

ಅಂಗಡಿಯಾಕೆ ಗೋಡೆಯ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ಓದುತ್ತಿದ್ದರು. ನಾನೂ ಅವರ ಜೊತೆ ಓದತೊಡಗಿದೆ.

"ಹಾಲು ಸೀದ ದಿನವೇ ನನಗೆ ಗೊತ್ತಾಯ್ತು" ಎಂದಳು ಅಮ್ಮ.

"ಗೊತ್ತಿತ್ತಾ? ನನಗೆ ಒಂದು ಮಾತು ಹೇಳೋದಲ್ವಾ ಅತ್ತೆ?"

"ಹೇಳಿದ್ರೆ ಇವನು ಮುಖ ಎಲ್ಲಿ ಇಟ್ಕೋತಿದ್ದ. ಚೆನ್ನಾಗಿದೆ ಅಂತ ನಾಟಕ ಆಡ್ತಿದ್ದ, ಆಡ್ಲಿ ಅಂತ ಬಿಟ್ಟೆ." ಅಮ್ಮ ಮೊಣಕಾಲು ಹಿಡಿದು ಎದ್ದು, ನಿಧಾನವಾಗಿ ತನ್ನ ಕೋಣೆಗೆ ಹೋದಳು. ಬಂದಾಗ ಕೈಯಲ್ಲಿ ಕೆಮ್ಮಿನ ಔಷಧಿಯ ಹಳೆಯ ಸೀಸೆ ಇತ್ತು. ಮೂತಿಗೆ ಬಟ್ಟೆಯ ಬಿರಡೆ. "ಕ್ಯಾನಿಂದ ಒಂಚೂರು ತೆಗೆದು ದಿಂಬಿನ ಕೆಳಗಿಟ್ಕೊಂಡಿದ್ದೆ. ನಿದ್ದೆ ಚೆನ್ನಾಗಿ ಬರ್ತಿತ್ತು. ತಗೋಳಿ."

ಅಂಗಡಿಯಾಕೆ ಬಿರಡೆ ತೆಗೆದರು. ಅವರ ಮುಖ ಸಡಿಲಾದದ್ದನ್ನು ನಾನು ಕಣ್ಣಿಂದ ಕಂಡೆ, ಹಾಗಾಗಿ ಅದು ಗುಲಾಬಿಯೇ ಇರಬೇಕು. ಆ ಒಂದು ಸೀಸೆಯನ್ನೇ ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಂದಿನ ಹೂವಿನ ಕಾಲದಲ್ಲಿ ಇಳಿಸಿದಷ್ಟನ್ನೂ ತಾವೇ ಕೊಳ್ಳುವುದಾಗಿ ಹೇಳಿದರು. ಷರತ್ತು ಎರಡು. ರಿಪೋರ್ಟಿಗೆ ಸಹಿ ಅಮ್ಮನದಾಗಬೇಕು. ಮತ್ತೊಂದನ್ನು ಹೇಳುವಾಗ ನನ್ನ ಕಡೆ ನೋಡದೆ, "ಯಜಮಾನರು ಪಾಪ, ಕ್ಯಾನಿನ ಹತ್ತಿರ ಬರೋದು ಬೇಡ" ಎಂದರು.

ಸೋಮವಾರ ನಾನು ಆಫೀಸಿನಲ್ಲಿ ಪಕ್ಕದ ಮೇಜಿನ ಮೇಡಂ ಎದುರು ನಿಂತು, ನನ್ನ ಮೂಗಿನ ವಿಷಯ ಹೇಳಿಬಿಟ್ಟೆ. ಅವರು ನನಗಿಂತ ಎರಡು ವರ್ಷ ಚಿಕ್ಕವರು. ಸೀಸೆ ತೊಳೆಯುವುದನ್ನು ನಿಲ್ಲಿಸಲೂ ಇಲ್ಲ.

"ಗೊತ್ತು ಸಾರ್. ಐದು ವರ್ಷದಿಂದ ನಿಮ್ಮ ಟೇಬಲ್ಲಿಗೆ ಬರೋ ಮುಂಚೆ ಎಲ್ಲಾನೂ ನಾನೇ ಮೂಸ್ತಿದ್ದೀನಿ. ಊರಿಗೆ ಏನಾದ್ರೂ ಆದ್ರೆ ಅಂತ."

ಅಂದರೆ ಅಮ್ಮನಿಗೆ ಗೊತ್ತಿತ್ತು, ಆಫೀಸಿಗೆ ಗೊತ್ತಿತ್ತು. ನನ್ನ ಮೂಗನ್ನು ಇಡೀ ಊರಿನಲ್ಲಿ ನಂಬಿದ್ದವಳು ಒಬ್ಬಳೇ. ಅವಳ ಐದು ಲೀಟರನ್ನೇ ನಾನು ಸೋಸಿದ್ದು.

ಮನೆಯಲ್ಲಿ ಅವಳು ಮಾತು ಬಿಡಲಿಲ್ಲ, ಬೈಯಲೂ ಇಲ್ಲ. ಅದೇ ಹೆಚ್ಚು ಆಯಾಸವಾಗಿತ್ತು. ಕುಕ್ಕರಿಗೆ ಸೀಟಿ ವಾಪಸು ಬಂತು. ಆದರೆ ಆ ವಾರದ ಕೊನೆಗೆ ಒಂದು ವಿಚಿತ್ರ ಶುರುವಾಯಿತು. ಫಿಲ್ಟರಿನಿಂದ ನೀರು ಕುಡಿದ ಅಮ್ಮ ಲೋಟವನ್ನು ಕೆಳಗಿಡದೆ ಹಿಡಿದುಕೊಂಡಳು. ಹೆಂಡತಿಯನ್ನು ಕರೆದಳು. ಅವಳೂ ಕುಡಿದಳು. ಇದ್ದಿಲು ಐದು ಲೀಟರಿನಲ್ಲಿ ಹೀರಿಕೊಂಡದ್ದನ್ನು, ತಡೆಯಲಾರದೆಯೋ ಏನೋ, ದಿನಾ ಇಷ್ಟಿಷ್ಟೇ ಬಿಟ್ಟುಕೊಡುತ್ತಿತ್ತು. ಹಿಂದಿನ ಮನೆಯವರು ಒಂದು ಲೋಟ ಕುಡಿದು, ಮರುದಿನ ಕೊಡ ತಂದರು. ನರ್ಸರಿಯವನು ಬಂದು ಕುಡಿದು, ತನ್ನ ಗಿಡಗಳನ್ನು ನೆನೆದು ಇನ್ನೊಂದು ಲೋಟ ಕೇಳಿದ. ಇಪ್ಪತ್ತು ವರ್ಷ "ಕುಡಿದ ಹಾಗೇ ಆಗಲ್ಲ" ಎಂದವಳು ಈಗ ಕೆಲಸವಿಲ್ಲದಿದ್ದರೂ ಬಂದು ಅರ್ಧ ಲೋಟ ಬಗ್ಗಿಸಿಕೊಳ್ಳುತ್ತಾಳೆ.

ನಿನ್ನೆ ಸಂಜೆ ನನಗೂ ಒಂದು ಲೋಟ ಕೊಟ್ಟಳು. ಎದುರಿಗೇ ನಿಂತಳು.

"ಹೇಗಿದೆ?"

ಚೆನ್ನಾಗಿದೆ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ನೀರಿನ ಹಾಗಿದೆ ಕಣೇ."

"ಹೂಂ" ಎಂದಳು. ಬಹಳ ದಿನದ ಮೇಲೆ ಅವಳ ಮುಖ ಕೊಂಚ ತಿಳಿಯಾಯಿತು. ಪ್ರೆಸ್ಸಿನಿಂದ ತಂದು ಮಿಕ್ಕಿದ್ದ ಲೇಬಲ್ಲುಗಳಲ್ಲಿ ಒಂದನ್ನು ತೆಗೆದು, ಹಿಂಬದಿಗೆ ಅಂಟು ಸವರಿ, ನನ್ನ ಫಿಲ್ಟರಿನ ಹೊಟ್ಟೆಯ ಮೇಲೆ ಗುಳ್ಳೆ ಬಾರದಂತೆ ಅಂಟಿಸಿದಳು. ನನ್ನ ಕನ್ನಡಕವನ್ನೂ ತಂದುಕೊಟ್ಟಳು.

ಬಂದವರೆಲ್ಲ ಆ ನೀರನ್ನು ಮೂಸಿಕೊಂಡು ಕುಡಿಯುತ್ತಾರೆ. ನಾನು ಲೇಬಲ್ ಓದಿಕೊಂಡು ಕುಡಿಯುತ್ತೇನೆ.